ಎತ್ತದ ಕೈಗಳ ಋಣ

1935ರ ನವೆಂಬರ್ 5ರಂದು ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಕಲ್ಲಿದ್ದಲು ಗಣಿಗಳ ಸಣ್ಣ ಊರಿನಲ್ಲಿ ಹತ್ತು ವರ್ಷದ ಹುಡುಗನೊಬ್ಬ ತನ್ನ ಶಾಲಾ ಮಂಡಳಿಗೆ ಕೈಬರಹದ ಪತ್ರವೊಂದನ್ನು ಕೊಟ್ಟ. ಅವನ ಹೆಸರು ವಿಲಿಯಂ ಗೋಬಿಟಸ್, ಓದುತ್ತಿದ್ದದ್ದು ಐದನೇ ತರಗತಿ. ತಾನು ಧ್ವಜಕ್ಕೆ ವಂದಿಸದಿರಲು ದೇವರ ಇಚ್ಛೆಯಂತೆ ನಡೆಯುವುದಾಗಿ ಕೊಟ್ಟ ಮಾತೇ ಕಾರಣವೆಂದು ಅವನು ಬರೆದಿದ್ದ. ಬೈಬಲಿನ ವಿಮೋಚನಕಾಂಡದ ಇಪ್ಪತ್ತನೇ ಅಧ್ಯಾಯವನ್ನು ಆಧಾರವಾಗಿ ಕೊಟ್ಟಿದ್ದ. ದೇಶದ ಮೇಲೆ ಪ್ರೀತಿಯಿಲ್ಲದೆ ಹೀಗೆ ಮಾಡುತ್ತಿಲ್ಲ, ದೇಶವನ್ನು ಪ್ರೀತಿಸುತ್ತೇನೆ, ಆದರೆ ದೇವರನ್ನು ಅದಕ್ಕಿಂತ ಹೆಚ್ಚು ಪ್ರೀತಿಸುತ್ತೇನೆ ಎಂದು ಮುಗಿಸಿದ್ದ. ಮರುದಿನ ಶಾಲಾ ಮಂಡಳಿ ಸಭೆ ಸೇರಿ, ಧ್ವಜವಂದನೆಗೆ ಒಪ್ಪದಿರುವುದು ಅವಿಧೇಯತೆ ಎಂಬ ನಿಯಮ ಮಾಡಿ, ಅವನನ್ನೂ ಏಳನೇ ತರಗತಿಯಲ್ಲಿದ್ದ ಅವನ ಅಕ್ಕ ಲಿಲಿಯನ್‌ಳನ್ನೂ ಶಾಲೆಯಿಂದ ಹೊರಹಾಕಿತು.

ಅಮೆರಿಕದಲ್ಲಿ ಧರ್ಮ ಮತ್ತು ನಾಗರಿಕ ಸ್ವಾತಂತ್ರ್ಯಗಳನ್ನು ಕುರಿತ ಚರ್ಚೆ ಇತ್ತೀಚೆಗೆ ಎರಡು ಪಾಳಯಗಳ ಕೂಗಾಟವಾಗಿ ಕೇಳಿಸುತ್ತದೆ. ಒಂದು ಪಾಳಯಕ್ಕೆ ಧರ್ಮವೆಂದರೆ ಸ್ವಾತಂತ್ರ್ಯದ ಶತ್ರು. ಇನ್ನೊಂದಕ್ಕೆ ಪ್ರತಿಭಟನೆಯೆಂದರೆ ಧರ್ಮದ್ರೋಹ ಮತ್ತು ದೇಶದ್ರೋಹ ಎರಡೂ. ಈ ದೇಶದಲ್ಲಿ ಹಲವು ವರ್ಷಗಳಿಂದ ಬದುಕುತ್ತಿರುವ ನನಗೆ ಇಲ್ಲಿನ ಇತಿಹಾಸ ಅಷ್ಟು ಸರಳವಾಗಿ ಕಾಣುವುದಿಲ್ಲ. ಯಾವ ಧರ್ಮವನ್ನೂ ನಂಬದವನು ಸಹ ಇಂದು ಇಲ್ಲಿ ಸರ್ಕಾರದ ಎದುರು ಬಾಯಿ ಮುಚ್ಚಿ ಕುಳಿತಿರುವ ಹಕ್ಕನ್ನು ಪಡೆದಿದ್ದರೆ, ಆ ಹಕ್ಕಿನ ಬಹುಭಾಗವನ್ನು ಗಳಿಸಿಕೊಟ್ಟವರು ರಾಜಕೀಯದಲ್ಲಿ ಆಸಕ್ತಿಯೇ ಇಲ್ಲದ, ಮತ ಹಾಕದ, ಬೈಬಲಿನ ಅಕ್ಷರಕ್ಕೆ ಅಂಟಿಕೊಂಡ ಕೆಲವು ಬಡ ಕುಟುಂಬಗಳು. ಅವರು ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದವರು; ಗೋಬಿಟಸ್ ಕುಟುಂಬವೂ ಅದೇ ಪಂಥದ್ದು.

ಸಾಕ್ಷಿಗಳು ಯಾರಿಗೂ ಸುಲಭವಾಗಿ ಇಷ್ಟವಾಗುವ ಜನರಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಅವರು ಮನೆಮನೆಯ ಬಾಗಿಲು ತಟ್ಟುತ್ತಿದ್ದರು. ಬೇರೆ ಚರ್ಚುಗಳೆಲ್ಲ ಸುಳ್ಳಿನ ಸಂಸ್ಥೆಗಳೆಂದು ಸಾರುತ್ತಿದ್ದರು. ಕ್ಯಾಥೊಲಿಕರೇ ಹೆಚ್ಚಾಗಿರುವ ಬೀದಿಗಳಲ್ಲಿ ನಿಂತು, ಕ್ಯಾಥೊಲಿಕ್ ಚರ್ಚನ್ನು ಕಟುವಾಗಿ ನಿಂದಿಸುವ ಧ್ವನಿಮುದ್ರಿಕೆಯನ್ನು ಫೋನೋಗ್ರಾಫಿನಲ್ಲಿ ಹಾಕಿ ದಾರಿಹೋಕರಿಗೆ ಕೇಳಿಸುತ್ತಿದ್ದರು. ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಹೀಗೆ ಮಾಡಿ ಬಂಧನಕ್ಕೊಳಗಾದ ಕ್ಯಾಂಟ್‌ವೆಲ್ ಕುಟುಂಬದ ಪರವಾಗಿ ಸುಪ್ರೀಂ ಕೋರ್ಟ್ 1940ರ ಮೇ ತಿಂಗಳಲ್ಲಿ ಸರ್ವಾನುಮತದ ತೀರ್ಪು ಕೊಟ್ಟಿತು. ಧರ್ಮಾಚರಣೆಯ ಸ್ವಾತಂತ್ರ್ಯವನ್ನು ರಾಜ್ಯ ಸರ್ಕಾರಗಳೂ ಗೌರವಿಸಬೇಕೆಂದು ಆ ತೀರ್ಪು ಹೇಳಿತು. ಅವರ ನಂಬಿಕೆಯಲ್ಲಿ ಸೈನ್ಯಕ್ಕೆ ಸೇರುವುದು ತಪ್ಪು, ಚುನಾವಣೆಗೆ ನಿಲ್ಲುವುದು ತಪ್ಪು, ಮನುಷ್ಯರು ಮಾಡಿದ ಯಾವ ಲಾಂಛನಕ್ಕೆ ವಂದಿಸುವುದೂ ವಿಗ್ರಹಾರಾಧನೆ. ಜರ್ಮನಿಯಲ್ಲಿದ್ದ ಅವರ ಪಂಥದವರು ಹಿಟ್ಲರನಿಗೆ ಕೈ ಎತ್ತಿ ವಂದಿಸಲು ಒಪ್ಪದೆ ಸೆರೆಶಿಬಿರಗಳನ್ನು ಸೇರುತ್ತಿದ್ದ ಕಾಲವದು. ಅಲ್ಲಿ ಅವರ ಅಂಗಿಗಳಿಗೆ ನೇರಳೆ ಬಣ್ಣದ ತ್ರಿಕೋನವನ್ನು ಹೊಲಿದು ಗುರುತು ಮಾಡಲಾಗುತ್ತಿತ್ತು. 1935ರಲ್ಲಿ ಅವರ ನಾಯಕ ಜೋಸೆಫ್ ರುದರ್‌ಫೋರ್ಡ್ ಅಮೆರಿಕದ ಧ್ವಜವಂದನೆಯೂ ಅದೇ ಬಗೆಯದೆಂದು ಸಾರಿದರು. ಹೊರನೋಟಕ್ಕಂತೂ ಅವು ಒಂದೇ ಆಗಿದ್ದವು: ಆಗ ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಬಲಗೈಯನ್ನು ಧ್ವಜದ ಕಡೆಗೆ ನೀಳವಾಗಿ ಚಾಚಿ ದೇಶನಿಷ್ಠೆಯ ಪ್ರತಿಜ್ಞೆ ಹೇಳುತ್ತಿದ್ದರು. ಕೈಯನ್ನು ಎದೆಯ ಮೇಲಿಡುವ ಇಂದಿನ ಪದ್ಧತಿಯನ್ನು ಅಮೆರಿಕದ ಸಂಸತ್ತು ತಂದದ್ದು 1942ರ ಡಿಸೆಂಬರಿನಲ್ಲಿ.

ಆ ಪ್ರತಿಜ್ಞೆಯ ಮೂಲವೂ ಧರ್ಮದಿಂದ ದೂರವಿಲ್ಲ. 1892ರಲ್ಲಿ ಅದನ್ನು ಬರೆದವರು ಫ್ರಾನ್ಸಿಸ್ ಬೆಲಮಿ ಎಂಬ ಬ್ಯಾಪ್ಟಿಸ್ಟ್ ಪಾದ್ರಿ, ಸಮಾಜವಾದಿ ಒಲವಿನವರು. ಕೊಲಂಬಸ್ ಬಂದು ನಾನೂರು ವರ್ಷವಾದುದರ ನೆನಪಿಗೆ ಮಕ್ಕಳ ಪತ್ರಿಕೆಯೊಂದಕ್ಕಾಗಿ ಅವರು ಅದನ್ನು ಬರೆದರು. ಪಾದ್ರಿ ಬರೆದದ್ದಾದರೂ ಅದರಲ್ಲಿ ದೇವರ ಹೆಸರಿರಲಿಲ್ಲ. ಆ ಹೆಸರು ಸೇರಿದ ಕಥೆಗೆ ಮುಂದೆ ಬರುತ್ತೇನೆ.

ಗೋಬಿಟಸ್ ಮಕ್ಕಳ ತಂದೆ ಊರಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದರು. ಮಕ್ಕಳು ಶಾಲೆಯಿಂದ ಹೊರಬಿದ್ದ ಮೇಲೆ ಅಂಗಡಿಗೆ ಬಹಿಷ್ಕಾರ ಬಂತು. ಮಕ್ಕಳನ್ನು ಸಾಕ್ಷಿಗಳೇ ನಡೆಸುತ್ತಿದ್ದ ದೂರದ ಶಾಲೆಗೆ ಕಳಿಸಬೇಕಾಯಿತು. ಆದರೂ ಅವರು ಮೊಕದ್ದಮೆ ಹೂಡಿದರು. 1938ರಲ್ಲಿ ಫಿಲಡೆಲ್ಫಿಯಾದ ಫೆಡರಲ್ ನ್ಯಾಯಾಧೀಶ ಆಲ್ಬರ್ಟ್ ಮ್ಯಾರಿಸ್ ಮಕ್ಕಳ ಪರವಾಗಿ ತೀರ್ಪು ಕೊಟ್ಟರು. ಮ್ಯಾರಿಸ್ ಸ್ವತಃ ಕ್ವೇಕರ್ ಪಂಥದವರು. ರಾಜನ ಮುಂದೆ ಟೋಪಿ ತೆಗೆಯದ, ನ್ಯಾಯಾಲಯದಲ್ಲಿ ಆಣೆ ಮಾಡದ, ಅದಕ್ಕಾಗಿ ಇಂಗ್ಲೆಂಡಿನ ಸೆರೆಮನೆಗಳನ್ನು ತುಂಬಿದ್ದ ಪಂಥ ಅದು. ಆ ಪಂಥದ ವಿಲಿಯಂ ಪೆನ್ ಧಾರ್ಮಿಕ ಸ್ವಾತಂತ್ರ್ಯಕ್ಕಾಗಿಯೇ ಸ್ಥಾಪಿಸಿದ ನಾಡಿನಲ್ಲಿ ಈ ಮೊಕದ್ದಮೆ ನಡೆದಿತ್ತು. ಮೇಲ್ಮನವಿಯಲ್ಲೂ ಮಕ್ಕಳೇ ಗೆದ್ದರು. ಶಾಲಾ ಮಂಡಳಿ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿನ ದಾಖಲೆಯಲ್ಲಿ ಕುಟುಂಬದ ಹೆಸರು ತಪ್ಪಾಗಿ ಗೋಬಿಟಿಸ್ ಎಂದಾಯಿತು. ಇತಿಹಾಸದಲ್ಲಿ ಉಳಿದದ್ದೂ ಆ ಹೆಸರೇ.

ತೀರ್ಪು ಬಂದ ದಿನ 1940ರ ಜೂನ್ 3. ಡನ್ಕರ್ಕ್‌ನಿಂದ ಬ್ರಿಟಿಷ್ ಸೈನಿಕರು ದೋಣಿಗಳಲ್ಲಿ ತಪ್ಪಿಸಿಕೊಳ್ಳುತ್ತಿದ್ದರು, ಫ್ರಾನ್ಸ್ ಬೀಳುತ್ತಿತ್ತು. ಎಂಟು ನ್ಯಾಯಮೂರ್ತಿಗಳು ಶಾಲಾ ಮಂಡಳಿಯ ಪರ, ಒಬ್ಬರು ಮಾತ್ರ ಮಕ್ಕಳ ಪರ. ಬಹುಮತದ ತೀರ್ಪನ್ನು ಬರೆದವರು ಫೆಲಿಕ್ಸ್ ಫ್ರಾಂಕ್‌ಫರ್ಟರ್. ವಿಯೆನ್ನಾದಲ್ಲಿ ಹುಟ್ಟಿ ಬಾಲ್ಯದಲ್ಲಿ ಅಮೆರಿಕಕ್ಕೆ ಬಂದ ಯಹೂದಿ ಅವರು. 1920ರಲ್ಲಿ ನಾಗರಿಕ ಸ್ವಾತಂತ್ರ್ಯಗಳಿಗಾಗಿ ಹೋರಾಡುವ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಹುಟ್ಟಿದಾಗ ಸ್ಥಾಪಕರಲ್ಲಿ ಒಬ್ಬರು. ಪ್ರಾಧ್ಯಾಪಕರಾಗಿದ್ದಾಗ ಅನ್ಯಾಯದ ಶಿಕ್ಷೆಗಳ ವಿರುದ್ಧ ಧೈರ್ಯದಿಂದ ಬರೆದವರು. ಅಂಥವರು ರಾಷ್ಟ್ರದ ಏಕತೆಯೇ ರಾಷ್ಟ್ರದ ಭದ್ರತೆಯ ಅಡಿಪಾಯವೆಂದು, ಆ ಏಕತೆಯನ್ನು ಮಕ್ಕಳಲ್ಲಿ ಬೆಳೆಸುವ ವಿಧಾನವನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸವಲ್ಲವೆಂದು ಬರೆದರು. ಅವರನ್ನು ಖಂಡಿಸುವುದು ಸುಲಭ, ಆದರೆ ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ವಲಸೆ ಬಂದ ಹುಡುಗನಿಗೆ ಇಂಗ್ಲಿಷನ್ನೂ ಘನತೆಯನ್ನೂ ಕೊಟ್ಟದ್ದು ಸಾರ್ವಜನಿಕ ಶಾಲೆ. ಧ್ವಜ ಅವರ ಪಾಲಿಗೆ ಆಶ್ರಯದ ಗುರುತು. ತನಗೆ ಆಶ್ರಯವಾದದ್ದು ಇನ್ನೊಬ್ಬನಿಗೆ ಬಲವಂತವಾಗಬಹುದು ಎಂಬುದನ್ನು ಕಾಣಲು ಅವರ ಕೃತಜ್ಞತೆಯೇ ಅಡ್ಡಬಂದಿತು ಎಂದು ನನಗನ್ನಿಸುತ್ತದೆ. ಪರದೇಶದಲ್ಲಿ ನೆಲೆಸಿದ ನಮ್ಮಂಥವರಲ್ಲಿಯೂ ಆ ಕೃತಜ್ಞತೆ ಇದೆ, ಅದರ ಕುರುಡೂ ಇದೆ.

ಒಬ್ಬಂಟಿಯಾಗಿ ಭಿನ್ನಮತ ಬರೆದವರು ಹಾರ್ಲನ್ ಫಿಸ್ಕ್ ಸ್ಟೋನ್. ಅದನ್ನು ಅವರು ಪೀಠದ ಮೇಲಿಂದಲೇ ಓದಿದರು. ಮಕ್ಕಳಲ್ಲಿ ದೇಶಭಕ್ತಿ ಬೆಳೆಸಲು ಸರ್ಕಾರಕ್ಕೆ ಬೇರೆ ದಾರಿಗಳು ಬೇಕಾದಷ್ಟಿವೆ, ಮಗುವಿನ ಬಾಯಿಂದ ಅದು ನಂಬದ ಮಾತನ್ನು ಹೇಳಿಸುವ ಅಗತ್ಯವಿಲ್ಲ ಎಂಬುದು ಅವರ ವಾದದ ತಿರುಳು.

ಮುಂದಿನ ದಿನಗಳಲ್ಲಿ ನಡೆದದ್ದನ್ನು ಓದುವಾಗ ಈಗಲೂ ಮೈ ನಡುಗುತ್ತದೆ. ಸಾಕ್ಷಿಗಳು ದೇಶದ್ರೋಹಿಗಳೆಂದು ಸುಪ್ರೀಂ ಕೋರ್ಟೇ ಹೇಳಿತೆಂಬ ಭಾವನೆ ಊರೂರಿಗೆ ಹರಡಿತು. ತೀರ್ಪಾಗಿ ಒಂದು ವಾರ ತುಂಬುವುದರೊಳಗೆ ಮೇನ್ ರಾಜ್ಯದ ಕೆನೆಬಂಕ್‌ನಲ್ಲಿ ಗುಂಪೊಂದು ಅವರ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಹಚ್ಚಿತು. ಇಲಿನಾಯ್‌ನ ಲಿಚ್‌ಫೀಲ್ಡ್‌ನಲ್ಲಿ ಸಾರಲು ಬಂದಿದ್ದವರ ಮೇಲೆ ಊರಿಗೆ ಊರೇ ಮುಗಿಬಿದ್ದಿತು. ವೆಸ್ಟ್ ವರ್ಜೀನಿಯಾದ ರಿಚ್‌ವುಡ್‌ನಲ್ಲಿ ಜೂನ್ 29ರಂದು ಪೊಲೀಸ್ ಅಧಿಕಾರಿಯೊಬ್ಬನೇ ಮುಂದೆ ನಿಂತು ಸಾಕ್ಷಿಗಳಿಗೆ ಬಲವಂತವಾಗಿ ಹರಳೆಣ್ಣೆ ಕುಡಿಸಿ, ಹಗ್ಗದಿಂದ ಸಾಲಾಗಿ ಕಟ್ಟಿ, ಬೀದಿಯಲ್ಲಿ ಮೆರವಣಿಗೆ ಮಾಡಿಸಿದ. ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಬಹಿರಂಗವಾಗಿ ಶಾಂತಿಗೆ ಮನವಿ ಮಾಡಿದರು. ಶಾಲೆಗಳಿಂದ ಹೊರಹಾಕಲ್ಪಟ್ಟ ಸಾಕ್ಷಿಗಳ ಮಕ್ಕಳ ಸಂಖ್ಯೆ ಬೆಳೆಯುತ್ತಲೇ ಹೋಯಿತು. ನ್ಯಾಯಾಲಯವು ನಿಯಮವೊಂದನ್ನು ಎತ್ತಿಹಿಡಿಯಿತೇ ಹೊರತು ಯಾರನ್ನೂ ಹೊಡೆಯಿರೆಂದು ಹೇಳಲಿಲ್ಲ. ಆದರೆ ಅಲ್ಪಸಂಖ್ಯಾತರ ನಿಷ್ಠೆ ಸಂದೇಹಾಸ್ಪದವೆಂಬ ಸಣ್ಣ ಸೂಚನೆ ಮೇಲಿನವರಿಂದ ಬಂದರೆ ಸಾಕು, ಕೆಳಗೆ ಕೈಗೆ ಬಡಿಗೆ ಎತ್ತಿಕೊಳ್ಳುವವರು ಯಾವ ದೇಶದಲ್ಲೂ ಇರುತ್ತಾರೆ.

ಎರಡು ವರ್ಷ ಕಳೆಯಿತು. 1942ರ ಜೂನ್‌ನಲ್ಲಿ ಸಾಕ್ಷಿಗಳದೇ ಇನ್ನೊಂದು ಮೊಕದ್ದಮೆಯ ತೀರ್ಪು ಬಂದಾಗ, ಹಿಂದೆ ಬಹುಮತದ ಜೊತೆಗಿದ್ದ ಬ್ಲ್ಯಾಕ್, ಡಗ್ಲಸ್ ಮತ್ತು ಮರ್ಫಿ ಎಂಬ ಮೂವರು ನ್ಯಾಯಮೂರ್ತಿಗಳು, ಗೋಬಿಟಿಸ್ ತೀರ್ಪಿನಲ್ಲಿ ತಾವು ತಪ್ಪಿದೆವೆಂದು ಯಾರೂ ಕೇಳದಿದ್ದರೂ ಬರೆದು ದಾಖಲಿಸಿದರು. ನ್ಯಾಯಪೀಠದಲ್ಲಿ ಕುಳಿತವರು ಯುದ್ಧದ ನಡುವೆ ಹೀಗೆ ಬಾಯಿಬಿಟ್ಟು ಹೇಳಿದ್ದು ಅಪರೂಪದ ಸಂಗತಿ. ಸ್ಟೋನ್ ಅಷ್ಟರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದರು; ರಾಬರ್ಟ್ ಜಾಕ್ಸನ್ ಮತ್ತು ವೈಲಿ ರಟ್ಲೆಜ್ ಎಂಬ ಹೊಸಬರು ಒಬ್ಬರ ಹಿಂದೊಬ್ಬರು ಪೀಠಕ್ಕೆ ಬಂದರು.

ಅದೇ 1942ರ ಜನವರಿಯಲ್ಲಿ, ಜಪಾನಿನ ಪರ್ಲ್ ಹಾರ್ಬರ್ ದಾಳಿಯ ಮರುತಿಂಗಳು, ವೆಸ್ಟ್ ವರ್ಜೀನಿಯಾದ ಶಿಕ್ಷಣ ಮಂಡಳಿ ಗೋಬಿಟಿಸ್ ತೀರ್ಪಿನ ಮಾತುಗಳನ್ನೇ ಎತ್ತಿ ಬರೆದು ಧ್ವಜವಂದನೆಯನ್ನು ಕಡ್ಡಾಯ ಮಾಡಿತ್ತು. ಒಪ್ಪದ ಮಗುವನ್ನು ಹೊರಹಾಕಬೇಕು. ಹೊರಹಾಕಿದ ಮೇಲೆ ಆ ಮಗು ಶಾಲೆ ತಪ್ಪಿಸಿದ ಅಪರಾಧಿ. ಅದಕ್ಕಾಗಿ ತಂದೆತಾಯಿಗೆ 50 ಡಾಲರ್‌ವರೆಗೆ ದಂಡ, 30 ದಿನದವರೆಗೆ ಜೈಲು. ತಾನೇ ಬಾಗಿಲು ಮುಚ್ಚಿ, ಒಳಗೆ ಬರಲಿಲ್ಲವೆಂದು ಶಿಕ್ಷಿಸುವ ನಿಯಮ ಇದು. ಚಾಚಿದ ಕೈ ಹಿಟ್ಲರನ ವಂದನೆಯಂತೆ ಕಾಣುತ್ತದೆಂದು ಪೋಷಕರ ಸಂಘ, ಸ್ಕೌಟ್, ರೆಡ್ ಕ್ರಾಸ್ ಮೊದಲಾದವರು ಆಕ್ಷೇಪ ಎತ್ತಿದಾಗ ಮಂಡಳಿ ವಂದನೆಯ ರೀತಿಯನ್ನು ಸ್ವಲ್ಪ ಬದಲಿಸಿತು. ಸಾಕ್ಷಿಗಳ ಆಕ್ಷೇಪಕ್ಕೆ ಮಾತ್ರ ಕಿವಿಗೊಡಲಿಲ್ಲ. ಪ್ರತಿಷ್ಠಿತರ ಮುಜುಗರಕ್ಕೆ ಸಿಕ್ಕ ಮನ್ನಣೆ ಬಡವರ ಆತ್ಮಸಾಕ್ಷಿಗೆ ಸಿಗದೆಹೋದ ಈ ಸಣ್ಣ ವಿವರವನ್ನು ನ್ಯಾಯಮೂರ್ತಿಗಳು ಗಮನಿಸಿ ತೀರ್ಪಿನಲ್ಲಿ ದಾಖಲಿಸಿದ್ದಾರೆ.

ಚಾರ್ಲ್ಸ್‌ಟನ್ ಸಮೀಪದ ಹಳ್ಳಿಯ ಶಾಲೆಯೊಂದರಿಂದ ಹೊರಬಿದ್ದ ಅಕ್ಕತಂಗಿಯರ ಕುಟುಂಬವು ಬೇರೆ ಕುಟುಂಬಗಳೊಡನೆ ಸೇರಿ ಹೂಡಿದ ಮೊಕದ್ದಮೆಯೇ ಬಾರ್ನೆಟ್ ಪ್ರಕರಣ. ಕೆಳ ನ್ಯಾಯಾಲಯದಲ್ಲಿ ಜಾನ್ ಪಾರ್ಕರ್ ನೇತೃತ್ವದ ಮೂವರು ನ್ಯಾಯಾಧೀಶರು, ಸುಪ್ರೀಂ ಕೋರ್ಟಿನ ಹಳೆಯ ತೀರ್ಪು ಎದುರಿಗಿದ್ದರೂ, ಆ ತೀರ್ಪಿಗೆ ಈಗ ಸುಪ್ರೀಂ ಕೋರ್ಟಿನ ಬೆಂಬಲವೇ ಉಳಿದಂತಿಲ್ಲವೆಂದು ಕಂಡುಕೊಂಡು ಮಕ್ಕಳ ಪರ ನಿಂತರು. 1943ರ ಜೂನ್ 14ರಂದು ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ತನ್ನದೇ ತೀರ್ಪನ್ನು ಅಳಿಸಿತು. ಅಂದು ಅಮೆರಿಕದ ಧ್ವಜ ದಿನಾಚರಣೆ.

ಜಾಕ್ಸನ್ ಬರೆದ ಆ ತೀರ್ಪನ್ನು ನಾನು ಹಲವು ಸಲ ಓದಿದ್ದೇನೆ. ಕಾನೂನಿನ ಭಾಷೆ ಅಷ್ಟು ಎತ್ತರಕ್ಕೆ ಏರುವುದು ಅಪರೂಪ. ಅಭಿಪ್ರಾಯಗಳನ್ನು ಬಲವಂತದಿಂದ ಒಂದಾಗಿಸಲು ಹೊರಟರೆ ಸಿಗುವುದು ಸ್ಮಶಾನದ ಒಮ್ಮತ ಮಾತ್ರ ಎಂದರು ಅವರು. ಬದುಕು, ಮಾತು, ಪೂಜೆ ಮೊದಲಾದ ಮೂಲ ಹಕ್ಕುಗಳನ್ನು ಮತಕ್ಕೆ ಹಾಕಲಾಗದು, ಅವು ಯಾವ ಚುನಾವಣೆಯ ಫಲಿತಾಂಶವನ್ನೂ ಅವಲಂಬಿಸಿಲ್ಲ ಎಂದರು. ಮಹತ್ವವಿಲ್ಲದ ವಿಷಯಗಳಲ್ಲಿ ಭಿನ್ನವಾಗಿರುವ ಸ್ವಾತಂತ್ರ್ಯ ಸ್ವಾತಂತ್ರ್ಯದ ನೆರಳು ಮಾತ್ರ, ಇರುವ ವ್ಯವಸ್ಥೆಯ ಹೃದಯವನ್ನೇ ಮುಟ್ಟುವ ವಿಷಯಗಳಲ್ಲಿ ಭಿನ್ನವಾಗಿರುವ ಹಕ್ಕೇ ಅದರ ನಿಜವಾದ ಪರೀಕ್ಷೆ ಎಂದರು. ಕೊನೆಗೆ, ರಾಜಕೀಯ, ರಾಷ್ಟ್ರೀಯತೆ, ಧರ್ಮ ಮುಂತಾದ ವಿಷಯಗಳಲ್ಲಿ ಯಾವುದು ಸರಿಯಾದ ನಂಬಿಕೆ ಎಂದು ವಿಧಿಸಲು ಯಾವ ಅಧಿಕಾರಿಗೂ, ದೊಡ್ಡವನಿರಲಿ ಸಣ್ಣವನಿರಲಿ, ಅಧಿಕಾರವಿಲ್ಲವೆಂಬುದೇ ನಮ್ಮ ಸಂವಿಧಾನದ ಆಕಾಶದಲ್ಲಿನ ಸ್ಥಿರ ನಕ್ಷತ್ರ ಎಂದರು.

ಈ ತೀರ್ಪಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಮಾತಿನ ಸೊಬಗಲ್ಲ, ಅದು ಹಿಡಿದ ದಾರಿ. ಜಾಕ್ಸನ್ ಬೇಕಿದ್ದರೆ, ಈ ಮಕ್ಕಳದು ಪ್ರಾಮಾಣಿಕ ಧಾರ್ಮಿಕ ನಂಬಿಕೆ, ಆದ್ದರಿಂದ ಇವರಿಗೊಂದು ವಿನಾಯಿತಿ ಕೊಡಿ ಎಂದು ಹೇಳಿ ಮುಗಿಸಬಹುದಿತ್ತು. ಸಾಕ್ಷಿಗಳಿಗೆ ಅಷ್ಟೇ ಸಾಕಿತ್ತು. ಜಾಕ್ಸನ್ ಹಾಗೆ ಮಾಡಲಿಲ್ಲ. ಧ್ವಜವಂದನೆಯನ್ನು ಕಡ್ಡಾಯ ಮಾಡುವ ಅಧಿಕಾರವೇ ಸರ್ಕಾರಕ್ಕಿಲ್ಲ, ಹಾಗಿರುವಾಗ ವಿನಾಯಿತಿಯ ಪ್ರಶ್ನೆಯೇ ಏಳದು ಎಂದರು. ಈ ಹಕ್ಕನ್ನು ಅವರು ಧರ್ಮದ ಕಲಮಿನಿಂದ ತೆಗೆದು ವಾಕ್ ಸ್ವಾತಂತ್ರ್ಯದ ಕಲಮಿನಲ್ಲಿಟ್ಟದ್ದರಿಂದ, ದೇವರ ಭಯದಿಂದ ಕೈ ಎತ್ತದ ಮಗುವಿಗೆ ಸಿಕ್ಕದ್ದು, ದೇವರನ್ನೇ ನಂಬದ ಮಗುವಿಗೂ, ದೇಶದ ಯುದ್ಧವೊಂದನ್ನು ವಿರೋಧಿಸುವ ಮಗುವಿಗೂ, ಕಾರಣವನ್ನೇ ಹೇಳಲು ಇಷ್ಟಪಡದ ಮಗುವಿಗೂ ಅದೇ ಕ್ಷಣದಲ್ಲಿ ಸಿಕ್ಕಿತು. ವಿನಾಯಿತಿ ಎಂಬುದು ದೊರೆ ಕೊಡುವ ದಾನ. ಕೇಳುವವನು ತನ್ನ ಭಕ್ತಿ ನಿಜವೆಂದು ದೊರೆಯ ಮುಂದೆ ಸಾಬೀತುಪಡಿಸಬೇಕಾಗುತ್ತದೆ. ಹಕ್ಕಿಗೆ ಆ ಪರೀಕ್ಷೆಯಿಲ್ಲ.

ಫ್ರಾಂಕ್‌ಫರ್ಟರ್ ಈ ಸಲ ಭಿನ್ನಮತದ ಕಡೆಯಲ್ಲಿದ್ದರು. ಇತಿಹಾಸದಲ್ಲೇ ಅತ್ಯಂತ ನಿಂದೆಗೂ ಹಿಂಸೆಗೂ ಗುರಿಯಾದ ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದವನು ಸಂವಿಧಾನದ ಸ್ವಾತಂತ್ರ್ಯಗಳ ಬಗ್ಗೆ ಸಂವೇದನೆ ಇಲ್ಲದವನಾಗಿರಲು ಸಾಧ್ಯವಿಲ್ಲ ಎಂದು ಅವರು ಆರಂಭಿಸಿದರು. ನೋವಿನ ಬರಹವದು. ವೈಯಕ್ತಿಕವಾಗಿ ತನಗೆ ಆ ಮಕ್ಕಳ ಮೇಲೆ ಸಹಾನುಭೂತಿ ಇದೆ, ಆದರೆ ನ್ಯಾಯಮೂರ್ತಿಯು ತನ್ನ ಸಹಾನುಭೂತಿಯನ್ನು ಕಾನೂನಾಗಿಸಬಾರದು ಎಂಬ ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಚುನಾಯಿತರು ಮಾಡಿದ ನಿಯಮವನ್ನು ಒಂಬತ್ತು ಜನ ಹೊಡೆದುಹಾಕುವುದು ಪ್ರಜಾಪ್ರಭುತ್ವದಲ್ಲಿ ಹಗುರವಾದ ವಿಷಯವಲ್ಲ. ಆದರೂ ನಾನು ಜಾಕ್ಸನ್ ಪಕ್ಷದವನು: ಮತ ಹಾಕುವುದನ್ನೇ ಪಾಪವೆಂದು ತಿಳಿದ, ಊರಿನಲ್ಲಿ ನಾಲ್ಕು ಮನೆಯಷ್ಟಿರುವ ಜನರಿಗೆ, ನ್ಯಾಯ ಬೇಕಿದ್ದರೆ ಚುನಾವಣೆ ಗೆದ್ದು ಬನ್ನಿ ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಟ್ಟುವವರು ಬಹಳ ಜನ. ಹಾಗೆ ನಿಲ್ಲಿಸುವುದು ಪ್ರಾಮಾಣಿಕವಲ್ಲ. ಬಾರ್ನೆಟ್ ತೀರ್ಪು ಬಂದ ಸರಿಯಾಗಿ ಒಂದು ವಾರಕ್ಕೆ, 1943ರ ಜೂನ್ 21ರಂದು, ಅದೇ ಒಂಬತ್ತು ಜನ ಗಾರ್ಡನ್ ಹಿರಾಬಯಾಶಿಯವರ ಪ್ರಕರಣದಲ್ಲಿ ಸರ್ವಾನುಮತದಿಂದ ಸರ್ಕಾರದ ಪರ ನಿಂತರು. ಹಿರಾಬಯಾಶಿ ಅಮೆರಿಕದಲ್ಲೇ ಹುಟ್ಟಿದವರು, ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಮತ್ತು ಕ್ವೇಕರ್. ಜಪಾನಿ ಮೂಲದವರು ರಾತ್ರಿ ಎಂಟರಿಂದ ಬೆಳಗ್ಗೆ ಆರರವರೆಗೆ ಮನೆಯಿಂದ ಹೊರಬರಬಾರದೆಂಬ ಸೈನ್ಯದ ಆಜ್ಞೆಯನ್ನೂ ಮನೆಮಠ ಬಿಟ್ಟು ಶಿಬಿರ ಸೇರಬೇಕೆಂಬ ಆಜ್ಞೆಯನ್ನೂ ಅವರು ಆತ್ಮಸಾಕ್ಷಿಯ ಕಾರಣದಿಂದ ಧಿಕ್ಕರಿಸಿ, ತಾವಾಗಿಯೇ ಎಫ್‌ಬಿಐ ಕಚೇರಿಗೆ ಹೋಗಿ ಒಪ್ಪಿಸಿಕೊಂಡಿದ್ದರು. ಅವರ ವಿರುದ್ಧದ ತೀರ್ಪನ್ನು ಬರೆದವರು ಸ್ಟೋನ್. ಮೂರು ವರ್ಷದ ಹಿಂದೆ ಇಬ್ಬರು ಮಕ್ಕಳಿಗಾಗಿ ಒಬ್ಬಂಟಿಯಾಗಿ ನಿಂತಿದ್ದ ಅದೇ ಸ್ಟೋನ್. ಜಪಾನಿ ಮೂಲದ ಸುಮಾರು 1,20,000 ಜನ ಮುಳ್ಳುತಂತಿಯ ಹಿಂದೆ ಯುದ್ಧಕಾಲವನ್ನು ಕಳೆದರು. ಆ ಸ್ಥಳಾಂತರವನ್ನು ಎತ್ತಿಹಿಡಿದ 1944ರ ಕೊರೆಮಾಟ್ಸು ಪ್ರಕರಣದ ಹೊತ್ತಿಗೆ ಜಾಕ್ಸನ್ ಭಿನ್ನಮತಕ್ಕೆ ಬಂದರು. ಇಂಥ ತೀರ್ಪು ಯಾರಾದರೂ ಕೈಗೆತ್ತಿಕೊಳ್ಳಲು ಸಿದ್ಧವಾಗಿ ಬಿದ್ದಿರುವ, ಗುಂಡು ತುಂಬಿದ ಆಯುಧ ಎಂದು ಎಚ್ಚರಿಸಿದರು. ಹಿರಾಬಯಾಶಿಯವರ ಮೇಲಿನ ಶಿಕ್ಷೆ ಪೂರ್ತಿಯಾಗಿ ರದ್ದಾಗಲು 1987 ಬರಬೇಕಾಯಿತು. ಮಗುವಿನ ನಾಲಿಗೆಯನ್ನು ಕಾದ ನ್ಯಾಯಾಲಯ ಒಂದು ಜನಾಂಗದ ಮನೆಬಾಗಿಲನ್ನು ಕಾಯಲಿಲ್ಲ. ಎರಡನ್ನೂ ಒಟ್ಟಿಗೆ ನೆನಪಿಡದವರು ಅಮೆರಿಕದ ಸ್ವಾತಂತ್ರ್ಯವನ್ನು ಹೊಗಳಿದರೂ ತೆಗಳಿದರೂ ಅರ್ಧವನ್ನೇ ಹೇಳಿದಂತಾಗುತ್ತದೆ.

ಇನ್ನು ಪ್ರತಿಜ್ಞೆಯಲ್ಲಿ ದೇವರು ಸೇರಿದ ಕಥೆ. ಯುದ್ಧ ಮುಗಿದು ಸೋವಿಯತ್ ಒಕ್ಕೂಟದೊಡನೆ ಶೀತಲ ಸಮರ ಹತ್ತಿದಾಗ, ನಾಸ್ತಿಕ ಕಮ್ಯುನಿಸ್ಟರಿಂದ ತಾವು ಬೇರೆಯೆಂದು ತೋರಿಸುವ ಹಂಬಲ ದೇಶವನ್ನು ಆವರಿಸಿತು. 1954ರ ಫೆಬ್ರವರಿಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಕೇಳುತ್ತಿದ್ದಂತೆ ವಾಷಿಂಗ್ಟನ್ನಿನ ಪಾದ್ರಿ ಜಾರ್ಜ್ ಡಾಕರ್ಟಿ, ಈಗಿನ ಪ್ರತಿಜ್ಞೆಯನ್ನು ಮಾಸ್ಕೋದ ಮಕ್ಕಳೂ ತಮ್ಮ ಧ್ವಜಕ್ಕೆ ಹೇಳಬಹುದು, ಅದರಲ್ಲಿ ದೇವರ ಹೆಸರಿರಬೇಕು ಎಂದು ಬೋಧಿಸಿದರು. ಅದೇ ವರ್ಷ ಜೂನ್ 14ರಂದು, ಬಾರ್ನೆಟ್ ತೀರ್ಪಿನ ಹನ್ನೊಂದನೇ ವಾರ್ಷಿಕದ ದಿನ, ದೇವರ ಅಧೀನದಲ್ಲಿರುವ ಒಂದು ರಾಷ್ಟ್ರ ಎಂಬ ಮಾತು ಕಾನೂನಾಗಿ ಪ್ರತಿಜ್ಞೆಗೆ ಸೇರಿತು. ಎರಡು ವರ್ಷದ ನಂತರ, ದೇವರಲ್ಲಿ ನಮ್ಮ ನಂಬಿಕೆ ಎಂಬುದು ರಾಷ್ಟ್ರದ ಅಧಿಕೃತ ಧ್ಯೇಯವಾಕ್ಯವಾಯಿತು. ಇದನ್ನು ಪ್ರಶ್ನಿಸಿದ ನಾಸ್ತಿಕ ಮೈಕೆಲ್ ನ್ಯೂಡೌ ಅವರ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2004ರಲ್ಲಿ, ಅವರಿಗೆ ಮಗಳ ಪರವಾಗಿ ದಾವೆ ಹೂಡುವ ಅರ್ಹತೆಯಿಲ್ಲವೆಂದು, ಮೂಲಪ್ರಶ್ನೆಯನ್ನು ಮುಟ್ಟದೆಯೇ ಮುಗಿಸಿತು.

ಈ ಎರಡು ಬಗೆಯ ಧಾರ್ಮಿಕತೆಯ ನಡುವಿನ ಅಂತರವೇ ನಾನು ಈ ಬರಹದಲ್ಲಿ ಹೇಳಬೇಕೆಂದಿರುವ ಮಾತು. ಗೋಬಿಟಸ್ ಮಕ್ಕಳ ದೇವರು ಸರ್ಕಾರಕ್ಕೆ ಒಂದು ಗಡಿ ಹಾಕುತ್ತಾನೆ. ಇದರಾಚೆ ನಿನ್ನ ಆಜ್ಞೆ ನಡೆಯದು ಎನ್ನುತ್ತಾನೆ. 1954ರ ದೇವರು ಸರ್ಕಾರದ ಪಕ್ಕದಲ್ಲಿ ಕುಳಿತು ಅದರ ಆಜ್ಞೆಗೆ ಮೊಹರು ಒತ್ತುತ್ತಾನೆ. ಮೊದಲನೆಯದು ಭಿನ್ನಮತದ ತಾಯಿ. ಎರಡನೆಯದು ಭಿನ್ನಮತವನ್ನು ಪಾಪವನ್ನಾಗಿ ಮಾಡುತ್ತದೆ. ಧಾರ್ಮಿಕ ಮೌಲ್ಯಗಳನ್ನು ಸಾರ್ವಜನಿಕ ಜೀವನಕ್ಕೆ ತರಬೇಕೆಂದು ಇಂದು ಅಮೆರಿಕದಲ್ಲಿ ಕರೆ ಕೊಡುವವರನ್ನು ಕಂಡಾಗಲೆಲ್ಲ, ಇವರು ತರಬೇಕೆಂದಿರುವುದು ಇವೆರಡರಲ್ಲಿ ಯಾವುದನ್ನು ಎಂದು ನಾನು ಕೇಳಿಕೊಳ್ಳುತ್ತೇನೆ.

ಮೊದಲ ಬಗೆಯ ಧಾರ್ಮಿಕತೆಯ ಫಲವನ್ನು ಧರ್ಮದಾಚೆಯವರು ಎಷ್ಟು ಉಂಡಿದ್ದಾರೆ ಎನ್ನುವುದಕ್ಕೆ ಉದಾಹರಣೆಗಳು ಬಹಳ. 1965ರ ಡಿಸೆಂಬರಿನಲ್ಲಿ ಅಯೋವಾದ ಡಿ ಮಾಯ್ನ್‌ನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಶಾಲೆಗೆ ಹೋದ ಹದಿಮೂರರ ಮೇರಿ ಬೆತ್ ಟಿಂಕರ್ ಒಬ್ಬ ಮೆಥೊಡಿಸ್ಟ್ ಪಾದ್ರಿಯ ಮಗಳು. 1969ರಲ್ಲಿ ಅವಳ ಪರವಾಗಿ ಬಂದ ತೀರ್ಪು ಬಾರ್ನೆಟ್ ತೀರ್ಪನ್ನು ಆಧರಿಸಿತ್ತು. ಇಂದು ಅಮೆರಿಕದ ಶಾಲೆಗಳಲ್ಲಿ ಪ್ರತಿಭಟಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅದರ ವಾರಸುದಾರ. ಕಡ್ಡಾಯ ಸೈನ್ಯಸೇವೆಯಿಂದ ವಿನಾಯಿತಿ ಬೇಕಾದರೆ ಪರಮಾತ್ಮನಲ್ಲಿ ನಂಬಿಕೆ ಬೇಕೆಂದಿದ್ದ ಕಾನೂನನ್ನು ನ್ಯಾಯಾಲಯ 1965ರ ಸೀಗರ್ ಪ್ರಕರಣದಲ್ಲೂ 1970ರ ವೆಲ್ಶ್ ಪ್ರಕರಣದಲ್ಲೂ ಹಿಗ್ಗಿಸಿ, ದೇವರನ್ನು ಹೆಸರಿಸದ ಆದರೆ ಅಷ್ಟೇ ಆಳವಾದ ನೈತಿಕ ನಂಬಿಕೆಗೂ ಜಾಗ ಮಾಡಿಕೊಟ್ಟಿತು. ಮುಸ್ಲಿಂ ಧರ್ಮಬೋಧೆಯನ್ನು ಆಧರಿಸಿ ಸೈನ್ಯ ಸೇರಲೊಪ್ಪದೆ ವಿಶ್ವಚಾಂಪಿಯನ್ ಪಟ್ಟವನ್ನೇ ಕಳೆದುಕೊಂಡ ಮುಹಮ್ಮದ್ ಅಲಿಯ ಶಿಕ್ಷೆಯನ್ನು 1971ರಲ್ಲಿ 8–0ರಿಂದ ರದ್ದುಮಾಡಲಾಯಿತು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾರುಗಳ ನಂಬರ್ ಪ್ಲೇಟಿನ ಮೇಲೆ ಸ್ವತಂತ್ರನಾಗಿ ಬದುಕು, ಇಲ್ಲವೇ ಸಾಯಿ ಎಂಬ ಧ್ಯೇಯವಾಕ್ಯವಿರುತ್ತದೆ. ತನ್ನ ನಂಬಿಕೆಗೆ ವಿರುದ್ಧವೆಂದು ಅದನ್ನು ಮುಚ್ಚಿದ ಒಬ್ಬ ಸಾಕ್ಷಿಯನ್ನು ರಾಜ್ಯ 15 ದಿನ ಜೈಲಿಗಟ್ಟಿತ್ತು. 1977ರಲ್ಲಿ ಆತನೂ ಗೆದ್ದ. ಧ್ವಜವನ್ನು ಸುಡುವುದೂ ಅಭಿವ್ಯಕ್ತಿಯೇ ಎಂಬ 1989ರ ತೀರ್ಪಿನಲ್ಲೂ ಜಾಕ್ಸನ್ ಅವರ ಮಾತುಗಳಿವೆ. ಅಲ್ಲಿ ಗೆದ್ದವನು ಸಾಕ್ಷಿಗಳ ದೇವರನ್ನಾಗಲಿ ದೇಶವನ್ನಾಗಲಿ ಪ್ರೀತಿಸುವವನಾಗಿರಲಿಲ್ಲ.

ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕುವ ನಮ್ಮವರು ಈ ಪರಂಪರೆಯನ್ನು ಒಂದು ಪ್ರಶ್ನೆಯ ರೂಪದಲ್ಲಿ ಎದುರಿಸುತ್ತಾರೆ. ಕಾನೂನು ಬಯಸಿದರೆ ಈ ದೇಶದ ಪರವಾಗಿ ಶಸ್ತ್ರ ಹಿಡಿಯುವಿರಾ ಎಂದು ಅರ್ಜಿಯಲ್ಲಿ ಕೇಳಲಾಗುತ್ತದೆ. ಬಹುತೇಕರು ಹೌದು ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಧಾರ್ಮಿಕ ನಂಬಿಕೆಯ ಕಾರಣಕ್ಕೆ ಇಲ್ಲ ಎನ್ನುವವರಿಗೂ ಆ ಮಾತನ್ನು ಬಿಟ್ಟ ಪ್ರಮಾಣವಚನ ದೊರೆಯುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಆ ಅವಕಾಶವೂ ಬೇಡಿ ಬಂದದ್ದಲ್ಲ. ಹಂಗೇರಿಯಿಂದ ಬಂದ ಶಾಂತಿವಾದಿ ರೋಸಿಕಾ ಶ್ವಿಮರ್‌ಗೆ, ಶಸ್ತ್ರ ಹಿಡಿಯಲಾರೆ ಎಂದದ್ದಕ್ಕೆ 1929ರಲ್ಲಿ ಪೌರತ್ವ ನಿರಾಕರಿಸಲಾಯಿತು. ಆಗ ಹೆಂಗಸರನ್ನು ಯಾರೂ ಯುದ್ಧಕ್ಕೆ ಕರೆಯುತ್ತಿರಲಿಲ್ಲ. ನಾವು ದ್ವೇಷಿಸುವ ಚಿಂತನೆಗೂ ಸ್ವಾತಂತ್ರ್ಯವಿರಬೇಕು ಎಂಬ ನ್ಯಾಯಮೂರ್ತಿ ಹೋಮ್ಸ್‌ರ ಪ್ರಸಿದ್ಧ ಭಿನ್ನಮತ ಬಂದದ್ದು ಆ ಪ್ರಕರಣದಲ್ಲಿ. 1946ರಲ್ಲಿ ಕೆನಡಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಜಿರೂವಾರ್ಡ್ ಅವರ ಪ್ರಕರಣದಲ್ಲಿ ಆ ನಿಲುವು ಬದಲಾಯಿತು.

ಭಾರತಕ್ಕೂ ಈ ಋಣ ತಲುಪಿದೆ. 1985ರ ಜುಲೈನಲ್ಲಿ ಕೇರಳದ ಶಾಲೆಯೊಂದರಲ್ಲಿ ಸಾಕ್ಷಿಗಳ ಕುಟುಂಬದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ದನಿಗೂಡಿಸಲಿಲ್ಲವೆಂದು ಹೊರಹಾಕಲ್ಪಟ್ಟರು. 1986ರ ಆಗಸ್ಟ್ 11ರಂದು ನಮ್ಮ ಸುಪ್ರೀಂ ಕೋರ್ಟ್ ಬಿಜೋ ಎಮ್ಯಾನುಯೆಲ್ ಪ್ರಕರಣದಲ್ಲಿ ಗೋಬಿಟಿಸ್ ಮತ್ತು ಬಾರ್ನೆಟ್ ಎರಡನ್ನೂ ಚರ್ಚಿಸಿ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ನಮ್ಮ ಪರಂಪರೆ ಸಹಿಷ್ಣುತೆಯನ್ನು ಕಲಿಸುತ್ತದೆ, ನಮ್ಮ ತತ್ತ್ವಶಾಸ್ತ್ರ ಅದನ್ನು ಬೋಧಿಸುತ್ತದೆ, ನಮ್ಮ ಸಂವಿಧಾನ ಅದನ್ನು ಆಚರಿಸುತ್ತದೆ, ಅದನ್ನು ತೆಳುವಾಗಿಸದಿರೋಣ ಎಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದರು. ಭಾರತದ ಶಾಲೆಗಳಲ್ಲಿ ಓದಿದ ಯಾರಿಗಾದರೂ ಆ ಮೂವರು ಮಕ್ಕಳ ಮೌನಕ್ಕೆ ಬೇಕಾದ ಧೈರ್ಯ ಎಷ್ಟೆಂಬುದು ತಿಳಿದೀತು.

ಇತ್ತೀಚಿನ ಬೆಳವಣಿಗೆ ನನ್ನನ್ನು ಯೋಚನೆಗೆ ಹಚ್ಚುತ್ತದೆ. 1990ರಲ್ಲಿ ಆರೆಗಾನ್‌ನ ಇಬ್ಬರು, ಮೂಲನಿವಾಸಿಗಳ ಚರ್ಚಿನ ವಿಧಿಯಂತೆ ಪಯೋಟಿ ಎಂಬ ಕಳ್ಳಿಯನ್ನು ಸೇವಿಸಿ ಕೆಲಸ ಕಳೆದುಕೊಂಡು, ನಿರುದ್ಯೋಗ ಭತ್ಯೆಯೂ ಸಿಗದೆ ಬಂದಾಗ, ನ್ಯಾಯಮೂರ್ತಿ ಸ್ಕಾಲಿಯಾ ಎಲ್ಲರಿಗೂ ಅನ್ವಯಿಸುವ ಕಾನೂನಿನಿಂದ ಧರ್ಮವು ವಿನಾಯಿತಿ ಕೊಡಿಸದು ಎಂದು ತೀರ್ಪಿತ್ತರು; ಅದಕ್ಕೆ ಅವರು ಎತ್ತಿಕೊಂಡ ಮಾತುಗಳಲ್ಲಿ ಗೋಬಿಟಿಸ್ ಪ್ರಕರಣದ ಫ್ರಾಂಕ್‌ಫರ್ಟರ್ ಮಾತುಗಳೂ ಇದ್ದವು. ಅದಕ್ಕೆ ಉತ್ತರವಾಗಿ 1993ರಲ್ಲಿ ಸೆನೆಟ್ 97–3ರಿಂದ ಧಾರ್ಮಿಕ ಸ್ವಾತಂತ್ರ್ಯದ ಹೊಸ ಕಾನೂನನ್ನು ಒಪ್ಪಿತು. ಎಡ ಬಲವೆನ್ನದೆ ಎಲ್ಲರೂ ಜೊತೆಗೂಡಿದ್ದರು. ಆ ಒಮ್ಮತ ಇಂದಿಲ್ಲ. 2014ರಲ್ಲಿ ಅದೇ ಕಾನೂನು, ನೌಕರರಿಗೆ ಕೆಲವು ಗರ್ಭನಿರೋಧಕಗಳ ವಿಮೆ ಕೊಡಲೊಪ್ಪದ ಹಾಬಿ ಲಾಬಿ ಕಂಪನಿಗೆ ಗುರಾಣಿಯಾಯಿತು. 2023ರಲ್ಲಿ ಸಲಿಂಗಿಗಳ ಮದುವೆಗೆ ವೆಬ್‌ಸೈಟ್ ಮಾಡಿಕೊಡಲಾರೆ ಎಂದ ಕೊಲೊರಾಡೊದ ವಿನ್ಯಾಸಗಾರ್ತಿಯನ್ನು ನ್ಯಾಯಾಲಯ 6–3ರಿಂದ ಬೆಂಬಲಿಸಿದಾಗ ಬಾರ್ನೆಟ್ ತೀರ್ಪು ಮತ್ತೆ ಮತ್ತೆ ಉಲ್ಲೇಖಗೊಂಡಿತು. ನಂಬದ ಮಾತನ್ನು ಸರ್ಕಾರ ಯಾರಿಂದಲೂ ಹೇಳಿಸಬಾರದು ಎಂಬ ತತ್ತ್ವ ನನಗೂ ಒಪ್ಪಿಗೆ. ಆದರೆ ಬಾರ್ನೆಟ್ ಮಕ್ಕಳ ಮೌನದಿಂದ ಮೂರನೆಯವರಾರೂ ಏನನ್ನೂ ಕಳೆದುಕೊಳ್ಳಲಿಲ್ಲ, ಇದನ್ನು ಜಾಕ್ಸನ್ ತಮ್ಮ ತೀರ್ಪಿನಲ್ಲೇ ಒತ್ತಿ ಹೇಳಿದ್ದಾರೆ. ಅಂಗಡಿಯ ಬಾಗಿಲಿಂದ ಹಿಂದಿರುಗಬೇಕಾದ ಗಿರಾಕಿಯ ಅವಮಾನ, ವಿಮೆ ಸಿಗದ ನೌಕರಳ ಖರ್ಚು, ಇವು ಆ ಮಕ್ಕಳ ಪ್ರಕರಣದಲ್ಲಿ ಇರಲಿಲ್ಲ. ಆ ವ್ಯತ್ಯಾಸವನ್ನು ಮರೆತು ಅವರ ಹೆಸರನ್ನು ಬಳಸುವುದು ನ್ಯಾಯವೆನಿಸುವುದಿಲ್ಲ.

ಫ್ಲಾರಿಡಾ, ಟೆಕ್ಸಸ್ ಮೊದಲಾದ ಕಡೆ ಈಗಲೂ ಮಗು ಪ್ರತಿಜ್ಞೆಯಿಂದ ಹೊರಗುಳಿಯಬೇಕಾದರೆ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕೆಂಬ ಕಾನೂನಿದೆ. ಫ್ಲಾರಿಡಾದ ನಿಯಮದ ಈ ಭಾಗವನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು 2008ರಲ್ಲಿ ಪೋಷಕರ ಹಕ್ಕಿನ ಹೆಸರಿನಲ್ಲಿ ಎತ್ತಿಹಿಡಿಯಿತು. ಹಿಂದಿನ ಪ್ರಕರಣಗಳಲ್ಲಿ ಮಕ್ಕಳೂ ಹೆತ್ತವರೂ ಒಂದೇ ಕಡೆ ಇದ್ದುದರಿಂದ ಈ ಪ್ರಶ್ನೆ ಏಳಲಿಲ್ಲ. ಹದಿನೇಳು ವರ್ಷದವಳೊಬ್ಬಳು ಸರ್ಕಾರವನ್ನು ಒಪ್ಪದೆ ಕುಳಿತಿರಲು ಬಯಸುತ್ತಾಳೆ, ಅವಳ ತಂದೆ ಸಹಿ ಹಾಕಲು ಒಪ್ಪುವುದಿಲ್ಲ ಎಂದಿಟ್ಟುಕೊಳ್ಳಿ. ಆಗ ಸರ್ಕಾರಿ ಶಾಲೆ ಅವಳಿಂದ ಪ್ರತಿಜ್ಞೆ ಹೇಳಿಸಬಹುದೆ? ಹೇಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತಂದೆ ಮನೆಯಲ್ಲಿ ಮಗಳೊಡನೆ ವಾದಿಸಲಿ, ಬುದ್ಧಿ ಹೇಳಲಿ, ಅದು ಅವರಿಬ್ಬರ ನಡುವಿನ ವಿಷಯ. ಅವನ ಸಹಿಯಿಲ್ಲದಿರುವುದನ್ನೇ ಅಧಿಕಾರಪತ್ರ ಮಾಡಿಕೊಂಡು ಸರ್ಕಾರ ಅವಳ ಬಾಯಿಗೆ ಕೈಹಾಕುವುದಕ್ಕೆ 1943ರ ತೀರ್ಪಿನಲ್ಲಿ ನನಗೆ ಯಾವ ಆಧಾರವೂ ಕಾಣುವುದಿಲ್ಲ, ಮತ್ತು ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಎಂದಾದರೂ ಕೈಗೆತ್ತಿಕೊಂಡು ಹಾಗೆಂದು ಹೇಳಬೇಕು.